ಐಟಿಐ, ಡಿಪ್ಲೊಮಾ ಆದ ಮೇಲೆ ಅಪ್ರೆಂಟಿಸ್‌ಶಿಪ್: ಹುಡುಕುವುದು ಹೇಗೆ, ಸಹಿಗೆ ಮುಂಚೆ ಏನು ನೋಡಬೇಕು

ಐಟಿಐ ಮುಗಿಸಿ ‘ಟ್ರೇನಿ’ ಅಂತ ಫ್ಯಾಕ್ಟರಿ ಸೇರಿದವರು ವರ್ಷ ಕಳೆದ ಮೇಲೆ ಕೈಯಲ್ಲಿ ಯಾವ ಸರ್ಟಿಫಿಕೇಟೂ ಇಲ್ಲದೆ ಹೊರಬರುವುದು ಪೀಣ್ಯ, ಬೊಮ್ಮಸಂದ್ರದ ಕಡೆ ಹೊಸದೇನಲ್ಲ. ಕಂಪನಿ ಕೊಡುವ ಟ್ರೇನಿ ಲೆಟರ್ ಬೇರೆ, ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ಕಲಿಯುವವರ) ಒಪ್ಪಂದವೇ ಬೇರೆ. ಒಪ್ಪಂದ ಅನ್ನುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆ, ಅದಕ್ಕೊಂದು ನಂಬರ್ ಇರುತ್ತದೆ. ನೋಂದಣಿ ಆಗದಿದ್ದರೆ ನೀವೆಷ್ಟೇ ಕೆಲಸ ಕಲಿತರೂ ದಾಖಲೆಯಲ್ಲಿ ಅಪ್ರೆಂಟಿಸ್ ಅಲ್ಲ. ಮುಂದಿನದೆಲ್ಲ ಈ ಒಂದು ಕಾಗದದ ಸುತ್ತಲೇ.

ಯಾವ ಪೋರ್ಟಲ್ ನಿಮ್ಮದು?

ಐಟಿಐ ಆದವರು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ನೇರವಾಗಿ ಕಲಿಯಲು ಹೊರಟವರು ‘ಅಪ್ರೆಂಟಿಸ್‌ಶಿಪ್ ಇಂಡಿಯಾ’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಡಿಪ್ಲೊಮಾ, ಬಿಇ, ಬಿಕಾಂ, ಬಿಎಸ್ಸಿ, ಬಿಎ ಆದವರಿಗೆ ಮುಖ್ಯವಾಗಿ ‘ನ್ಯಾಟ್ಸ್’ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್. ಕರ್ನಾಟಕದವರ ವಿಷಯ ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿ. ಎರಡೂ ಕೇಂದ್ರ ಸರ್ಕಾರದ ತಾಣಗಳು, ವಿಳಾಸ ‘ಜಿಒವಿ ಡಾಟ್ ಇನ್’ ಅಂತ ಮುಗಿಯುತ್ತದೆ. ನೋಂದಣಿ ಉಚಿತ. ಫೀಸು ಕೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಸಣ್ಣ ಸಂಗತಿಗಳಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ್ ಹನುಮಂತಪ್ಪ’ ಅಂತಿದ್ದರೆ ಪರಿಶೀಲನೆಯಲ್ಲಿ ಅರ್ಜಿ ನಿಂತುಹೋಗುತ್ತದೆ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೆಸರು, ಜನ್ಮದಿನಾಂಕ ಅಂಕಪಟ್ಟಿಯಲ್ಲಿದ್ದಂತೆ ಮಾಡಿಸಿ, ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿಸಿ. ಆಮೇಲೆ ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್ ಆಗಿದೆಯಾ’ ಅಂತಲೇ ಕೇಳಿ, ಅಂದರೆ ಸರ್ಕಾರದ ಹಣ ಜಮಾ ಆಗಲು ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ಅಂತ. ಖಾತೆಗೆ ಆಧಾರ್ ಝೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗಿರುವುದಿಲ್ಲ, ಸ್ಟೈಪೆಂಡ್‌ನಲ್ಲಿ (ತರಬೇತಿ ಭತ್ಯೆ) ಸರ್ಕಾರದ ಪಾಲಿನ ಹಣ ಬರುವುದು ಸೀಡಿಂಗ್ ಆದ ಖಾತೆಗೆ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ: ಪೋರ್ಟಲ್‌ನಲ್ಲಿ ಹೆಸರು ಬರೆಸಿದರೆ ಅರ್ಜಿ ಹಾಕಿದಂತಲ್ಲ. ಬರುವ ನೋಂದಣಿ ಸಂಖ್ಯೆಯನ್ನು ಇಟ್ಟುಕೊಂಡು ಒಂದೊಂದು ಕಂಪನಿಗೂ ಬೇರೆಯಾಗಿ ಅರ್ಜಿ ಸಲ್ಲಿಸಬೇಕು.

ಹುಡುಕುವ ಜಾಗಗಳು

ಸಾರ್ವಜನಿಕ ಉದ್ದಿಮೆಗಳಲ್ಲಿ ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಮಂಗಳೂರಿನ ಎಂಆರ್‌ಪಿಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಇವುಗಳ ಅಧಿಸೂಚನೆಗಳನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನಂಬಿ ಕೂರಬೇಡಿ. ನೈರುತ್ಯ ರೈಲ್ವೆಗೆ ಹುಬ್ಬಳ್ಳಿಯ ನೇಮಕಾತಿ ಕೋಶ ಅರ್ಜಿ ಕರೆಯುತ್ತದೆ. ಅಲ್ಲಿ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಪಟ್ಟಿ. ವಯಸ್ಸು 15ರಿಂದ 24, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಆರಂಭಿಕ ಹಂತದ ಹುದ್ದೆಗಳ) ನೇಮಕಾತಿಯಲ್ಲಿ ಶೇ. 20 ಹುದ್ದೆ ಮೀಸಲು, ಹಾಗಾಗಿ ಪೈಪೋಟಿಯೂ ಜೋರು.

ಸರ್ಕಾರಿ ಹೆಸರುಗಳನ್ನೇ ಕಾಯುತ್ತಾ ವರ್ಷ ಕಳೆಯುವುದು ಸರಿಯಲ್ಲ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. 30 ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯೂ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಗುತ್ತಿಗೆ ನೌಕರರೂ ಈ ಲೆಕ್ಕಕ್ಕೆ ಸೇರುತ್ತಾರೆ. 200 ಜನರಿರುವ ಕಾರ್ಖಾನೆಯಲ್ಲಿ ಕನಿಷ್ಠ 5 ಜಾಗ ಎಂದಾಯಿತು. ನಿಮ್ಮ ಊರಿನ ಕೈಗಾರಿಕಾ ಪ್ರದೇಶದಲ್ಲಿ ನಿಮ್ಮ ಟ್ರೇಡ್‌ಗೆ (ನೀವು ಕಲಿತ ವೃತ್ತಿಗೆ) ಹೊಂದುವ ಕಾರ್ಖಾನೆಗಳ ಪಟ್ಟಿ ಮಾಡಿ, ಗೇಟಿನಲ್ಲಿ ‘ಕೆಲಸ ಇದೆಯಾ’ ಅನ್ನಬೇಡಿ. ‘ಅಪ್ರೆಂಟಿಸ್ ಕಾಯ್ದೆಯಡಿ ಫಿಟ್ಟರ್ ಜಾಗ ಖಾಲಿ ಇದೆಯಾ, ಎಚ್‌ಆರ್ ಹತ್ತಿರ ಮಾತಾಡಬೇಕು’ ಅನ್ನಿ. ಉತ್ತರವೂ ಬೇರೆ ಥರ ಬರುತ್ತದೆ. ತಿಂಗಳ ಎರಡನೇ ಸೋಮವಾರ ನಡೆಯುವ ಅಪ್ರೆಂಟಿಸ್ ಮೇಳದ ಸ್ಥಳವನ್ನು ಹತ್ತಿರದ ಸರ್ಕಾರಿ ಐಟಿಐಯಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ: ಒಮ್ಮೆ ಅಪ್ರೆಂಟಿಸ್ ಮುಗಿಸಿದವರನ್ನೂ, ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇರುವವರನ್ನೂ ಬಹುತೇಕ ಅಧಿಸೂಚನೆಗಳು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸಿಕ್ಕಿದ ಮೊದಲ ಜಾಗಕ್ಕೆ ಕಣ್ಣುಮುಚ್ಚಿ ಸಹಿ ಮಾಡುವಂತಿಲ್ಲ.

ಸಹಿಗೆ ಮುಂಚೆ

ಒಪ್ಪಂದದಲ್ಲಿ ನಾಲ್ಕು ಸಾಲು ಬೆರಳಿಟ್ಟು ಓದಿ: ಟ್ರೇಡ್‌ನ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಸ್ಟೈಪೆಂಡ್, ತರಬೇತಿಯ ಸ್ಥಳ. ಟರ್ನರ್ ಓದಿದವರಿಗೆ ಇನ್ಯಾವುದೋ ಟ್ರೇಡ್ ಹಾಕಿದ್ದರೆ ಮುಂದೆ ನೇಮಕಾತಿಯಲ್ಲಿ ಆ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುವುದಿಲ್ಲ. 18 ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು. ಒಪ್ಪಂದದ ಪ್ರತಿಯನ್ನು ನಿಮ್ಮ ಲಾಗಿನ್‌ನಿಂದಲೇ ಇಳಿಸಿಕೊಂಡು ಇಡಿ.

2019ರ ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ ₹7,000, ಡಿಪ್ಲೊಮಾಗೆ ₹8,000, ಪದವೀಧರರಿಗೆ ₹9,000. ಇದಕ್ಕಿಂತ ಕಡಿಮೆ ಯಾರೂ ಕೊಡುವಂತಿಲ್ಲ. ಸಹಿ ಮಾಡುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸರ್ಕಾರ ಶೇ. 25ರಷ್ಟನ್ನು, ಗರಿಷ್ಠ ₹1,500, ನೇರ ನಿಮ್ಮ ಖಾತೆಗೆ ಹಾಕುತ್ತದೆ. ಅಂದರೆ ₹7,000ದಲ್ಲಿ ₹5,500 ಕಂಪನಿಯಿಂದ, ಉಳಿದದ್ದು ಸರ್ಕಾರದಿಂದ. ಎರಡೂ ಬೇರೆ ಬೇರೆ ದಿನ ಜಮಾ ಆಗುವುದರಿಂದ ‘ಸಂಬಳ ಕಡಿಮೆ ಬಂತು’ ಅಂತ ಗಾಬರಿ ಬೀಳುವ ಮುನ್ನ ಪಾಸ್‌ಬುಕ್ ಎಂಟ್ರಿ ಮಾಡಿಸಿ.

ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ, ‘ಪರ್ಮನೆಂಟ್ ಮಾಡ್ತೀವಿ’ ಅನ್ನುವ ಬಾಯಿಮಾತಿಗೆ ಬೆಲೆ ಕಟ್ಟಬೇಡಿ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರದ ಹಕ್ಕಿದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಕಾಯ್ದೆಯಡಿ ನೇಮಕವಾದ ಸರ್ಕಾರಿ ಅಧಿಕಾರಿ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಸೇರಿದ ಮೇಲೆ

ಇಡೀ ವರ್ಷ ಒಂದೇ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಮುಂದೆ ಪೀಸ್ ಲೋಡ್ ಮಾಡಿ ಅನ್‌ಲೋಡ್ ಮಾಡುವುದಷ್ಟೇ ಕೆಲಸವಾದರೆ ಅದು ತರಬೇತಿಯಲ್ಲ. ಟರ್ನರ್ ಆದವರು ಫೇಸಿಂಗ್, ಟೇಪರ್, ಥ್ರೆಡ್ಡಿಂಗ್ ಎಲ್ಲವನ್ನೂ ಕೈಯಾರೆ ಮಾಡಬೇಕು, ಮೈಕ್ರೋಮೀಟರ್ ಹಿಡಿದು ಅಳತೆ ಓದಬೇಕು. ನಿಮ್ಮ ಟ್ರೇಡ್‌ನ ಪಠ್ಯಕ್ರಮ ಇಳಿಸಿಕೊಂಡು, ಮಾಡಿದ ಕೆಲಸವನ್ನು ಅಂದಂದೇ ಲಾಗ್‌ಬುಕ್ಕಿನಲ್ಲಿ ಬರೆದು ಸೂಪರ್‌ವೈಸರ್ ಸಹಿ ಹಾಕಿಸಿ. ಎರಡು ತಿಂಗಳಾದರೂ ವಿಭಾಗ ಬದಲಾಗದಿದ್ದರೆ ಆ ಪುಸ್ತಕ ಹಿಡಿದೇ ಎಚ್‌ಆರ್ ಹತ್ತಿರ ಕೇಳಿ. ಅಲ್ಲೂ ಬಗೆಹರಿಯದಿದ್ದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಲಿಖಿತ ದೂರು ಕೊಡಿ. ಮನಸ್ಸಿಗೆ ಬಂದಂತೆ ಮಧ್ಯದಲ್ಲಿ ಬಿಟ್ಟುಹೋದರೆ ನಷ್ಟ ನಿಮ್ಮದೇ: ಒಪ್ಪಂದ ಮುರಿದದ್ದಕ್ಕೆ ಹಣ ಕಟ್ಟಬೇಕಾಗಿ ಬರಬಹುದು, ಇನ್ನೊಂದು ಕಡೆ ಸೇರುವುದೂ ಕಷ್ಟ.

ಐಟಿಐನವರಿಗೆ ಕೊನೆಯಲ್ಲಿ ಅಖಿಲ ಭಾರತ ಟ್ರೇಡ್ ಟೆಸ್ಟ್ ಇದೆ. ಅದು ಪಾಸಾದರೆ ಮಾತ್ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಬಿಇಎಲ್‌ನಂಥ ಕಡೆ ಟೆಕ್ನಿಷಿಯನ್ ಹುದ್ದೆಗೆ ಐಟಿಐ ಜೊತೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಕೇಳುತ್ತಾರೆ, ಆಗ ಬೇಕಾಗುವುದು ಈ ಕಾಗದವೇ. ತರಬೇತಿ ಮುಗಿಯುವ ಎರಡು ತಿಂಗಳ ಮೊದಲೇ ಕಂಪನಿಯ ತರಬೇತಿ ವಿಭಾಗದಲ್ಲಿ ಪರೀಕ್ಷೆಗೆ ನಿಮ್ಮ ಹೆಸರು ಕಳಿಸಿದ್ದಾರಾ ಅಂತ ವಿಚಾರಿಸಿ. ನ್ಯಾಟ್ಸ್‌ನವರಿಗೆ ಈ ಪರೀಕ್ಷೆ ಇಲ್ಲ. ಮಂಡಳಿ ಪ್ರಮಾಣಪತ್ರ ಕೊಡುತ್ತದೆ, ಅದಕ್ಕೆ ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಪೋರ್ಟಲ್ ಸೇರಿರಬೇಕು.