ಸಾಧನದ ಸರ್ಟಿಫಿಕೇಟ್‌ಗೆ ವಾಯಿದೆ ಮೀರಿದರೆ ಕಷ್ಟ: ಮೊದಲೇ ನವೀಕರಿಸುವುದು ಹೇಗೆ?

ನೆಟ್‌ವರ್ಕ್‌ಗೆ ಜೋಡಿಸಿದ ಕ್ಯಾಮೆರಾ, ಮೀಟರ್, ಸೆನ್ಸರ್‌ಗಳು ಸರ್ವರ್‌ಗೆ ತಮ್ಮ ಗುರುತು ತೋರಿಸುವುದು ಡಿಜಿಟಲ್ ಸರ್ಟಿಫಿಕೇಟ್ ಮೂಲಕ. ಅದರ ವಾಯಿದೆ ಮುಗಿದರೆ ಸರ್ವರ್ ಬಾಗಿಲು ತೆಗೆಯುವುದಿಲ್ಲ. ಹೊಸದನ್ನು ಕೇಳಲೂ ಸಾಮಾನ್ಯವಾಗಿ ಅದೇ ಬಾಗಿಲು ತಟ್ಟಬೇಕು. ಕೀಲಿ ಒಳಗೆ, ಬೀಗ ಹೊರಗೆ! ಆಮೇಲೆ ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಕಂಬ ಹತ್ತಬೇಕಾಗುತ್ತದೆ.

ಮೊದಲು ಪಟ್ಟಿ ಮಾಡಿ. ಸಾಧನದ ಸ್ವಂತ ಸರ್ಟಿಫಿಕೇಟ್, ಅದಕ್ಕೆ ಸಹಿ ಹಾಕಿದ ಮಧ್ಯಂತರ ಸರ್ಟಿಫಿಕೇಟ್, ಸರ್ವರನ್ನು ನಂಬಲು ಸಾಧನದೊಳಗೆ ಇಟ್ಟಿರುವ ರೂಟ್ (ಮೂಲ) ಸರ್ಟಿಫಿಕೇಟ್, ಮೂರರ ದಿನಾಂಕವೂ ಬೇಕು. ಮರೆತುಹೋಗುವುದು ಮೂರನೆಯದೇ. 2021ರ ಸೆಪ್ಟೆಂಬರ್ 30ರಂದು ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ ಎಂಬ ರೂಟ್ ಸರ್ಟಿಫಿಕೇಟಿನ ವಾಯಿದೆ ಮುಗಿದಾಗ, ರೂಟ್ ಪಟ್ಟಿ ಪರಿಷ್ಕರಿಸದ ಹಳೆಯ ಸಾಧನಗಳು ಸರಿಯಾಗಿಯೇ ಇದ್ದ ಸರ್ವರ್‌ಗಳನ್ನೂ ನಂಬದೆ ಕೂತವು.

ದಿನಾಂಕ ನೋಡಲು ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಸಾಕು. ಅದರ ‘ಚೆಕ್‌ಎಂಡ್’ ಆಯ್ಕೆಗೆ 2592000 ಎಂದು ಕೊಟ್ಟರೆ, 30 ದಿನದೊಳಗೆ ಮುಗಿಯುವುದೇ ಎಂದು ಹೇಳುತ್ತದೆ, ಲೆಕ್ಕ ಸೆಕೆಂಡುಗಳಲ್ಲಿ.

ಅವಧಿಯ ಮೂರರಲ್ಲಿ ಎರಡು ಪಾಲು ಕಳೆದಾಗ ನವೀಕರಣ ಶುರುವಾಗಲಿ: 90 ದಿನದ್ದಾದರೆ 60ನೇ ದಿನ. ಸಾವಿರಾರು ಸಾಧನಗಳನ್ನು ಒಟ್ಟಿಗೆ ಅಳವಡಿಸಿದ್ದರೆ ಎಲ್ಲವೂ ಒಂದೇ ಗಂಟೆಗೆ ಮುಗಿಬೀಳುತ್ತವೆ. ಪ್ರತಿಯೊಂದಕ್ಕೂ ಕೆಲವು ದಿನಗಳ ಹಿಂದುಮುಂದು ಇಡಿ. ಸರ್ಟಿಫಿಕೇಟಿಗೆ ಬೇಕಾದ ಹೊಸ ಕೀಲಿಜೋಡಿ (ಒಂದು ಖಾಸಗಿ, ಒಂದು ಸಾರ್ವಜನಿಕ) ಸಾಧನದೊಳಗೇ ಹುಟ್ಟಬೇಕು, ಖಾಸಗಿ ಕೀಲಿ ಹೊರಗೆ ಬರಬಾರದು. ಹೊರಗೆ ಹೋಗುವುದು ಸಹಿ ಕೋರುವ ಅರ್ಜಿ ಮಾತ್ರ. ಬಂದ ಸರ್ಟಿಫಿಕೇಟನ್ನು ಬೇರೆ ಜಾಗದಲ್ಲಿ ಉಳಿಸಿ, ಅದರಿಂದ ಒಮ್ಮೆ ಸಂಪರ್ಕ ಸಾಧಿಸಿದ ಮೇಲಷ್ಟೇ ಹಳೆಯದನ್ನು ಅಳಿಸಿ. ಹಳೆಯದರ ಮೇಲೆಯೇ ಬರೆಯುವಾಗ ಕರೆಂಟ್ ಹೋದರೆ ಎರಡೂ ಇಲ್ಲ.

ಎಲ್ಲ ಸರಿಯಿದ್ದೂ ‘ಇನ್ನೂ ಜಾರಿಗೆ ಬಂದಿಲ್ಲ’ ಎಂಬ ದೋಷ ಬಂದರೆ ಗಡಿಯಾರ ನೋಡಿ. ಬ್ಯಾಟರಿಯಿಲ್ಲದ ಎಷ್ಟೋ ಬೋರ್ಡ್‌ಗಳು ಆನ್ ಆದೊಡನೆ 1970ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತವೆ. ಅವುಗಳ ಪಾಲಿಗೆ ನಿಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ. ಮೊದಲು ಎನ್‌ಟಿಪಿಯಿಂದ, ಅಂದರೆ ನೆಟ್‌ವರ್ಕ್ ಮೂಲಕ ಸರಿ ಸಮಯ ಕೊಡುವ ವ್ಯವಸ್ಥೆಯಿಂದ, ಸಮಯ ತರಿಸಿ. ಅದು ಸಿಗದಿದ್ದರೆ ಕೊನೆಯ ಬಾರಿ ಉಳಿಸಿಟ್ಟ ಸಮಯದಿಂದಾದರೂ ಆರಂಭಿಸಿ. ತುರ್ತೆಂದು ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುವವರಿದ್ದಾರೆ. ಆಮೇಲೆ ಅದನ್ನು ಆನ್ ಮಾಡುವವರು ಅಪರೂಪ.

ಸರ್ವರಿನ ಸರ್ಟಿಫಿಕೇಟನ್ನೇ ಸಾಧನದೊಳಗೆ ಅಚ್ಚೊತ್ತಿದ್ದರೆ ಈಗಲೇ ತೆಗೆಯಿರಿ, ಸರ್ವರ್ ಅದನ್ನು ಬದಲಿಸಿದೊಡನೆ ಸಾಧನ ಸರ್ವರನ್ನು ನಂಬದು. ಸಾರ್ವಜನಿಕ ಸರ್ವರ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯಲಿದೆ.

ಗೋದಾಮಿನಲ್ಲಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಕೂರುವ ಸಾಧನಗಳಿಗೆ ಕಾರ್ಖಾನೆಯಲ್ಲೇ ಎರಡನೆಯ ಗುರುತು ಕೊಡುವುದು ಒಳ್ಳೆಯದು. ಅದರ ಕೊನೆಯ ದಿನಾಂಕವನ್ನು 9999ರ ಡಿಸೆಂಬರ್ 31 ಎಂದು ಬರೆಯುವ ಪದ್ಧತಿಯಿದೆ. ಆದರೆ ಅದಕ್ಕೆ ಒಂದೇ ಅನುಮತಿ ಇರಲಿ: ದಿನಬಳಕೆಯ ಹೊಸ ಸರ್ಟಿಫಿಕೇಟ್ ಕೇಳುವುದು.