ಆರ್‌ಎಕ್ಸ್ 100 ಬೈಕ್ ಐಡ್ಲಿಂಗಿನಲ್ಲಿ ನಿಲ್ಲದಿದ್ದರೆ ಮೊದಲು ಏನು ನೋಡಬೇಕು

ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತಿದ್ದರೆ ಹೆಚ್ಚಿನವರು ತಕ್ಷಣ ಐಡ್ಲಿಂಗ್ ಸ್ಕ್ರೂ (ಎಕ್ಸಲರೇಟರ್ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಸ್ಕ್ರೂ) ಬಿಗಿಯುತ್ತಾರೆ. ಅದರಿಂದ ಸದ್ದು ಏರುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಾಲದೋ, ಹೆಚ್ಚಾಗಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಎರಡು ಮೂರು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಹಾಕಿ, ಅದು ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಐಡ್ಲಿಂಗ್ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಮುಗ್ಗರಿಸಿ ನಿಂತರೆ ಹೆಚ್ಚಾಗಿದೆ. ಪ್ಲಗ್ ಬಿಚ್ಚಿದರೆ ಅದೂ ಸಾಕ್ಷಿ ಹೇಳುತ್ತದೆ: ಬಿಳುಚಿದ್ದರೆ ಕಮ್ಮಿ, ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚು.

ಕಮ್ಮಿಯಾಗಿದ್ದರೆ ಮೊದಲ ಅನುಮಾನ ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಒಳಗಿನ ಪೈಲಟ್ ಜೆಟ್ ಮೇಲೆ. ಎಕ್ಸಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್ ಬದುಕುವುದು ಅದರ ಕೂದಲೆಳೆಯಷ್ಟು ತೂತಿನಿಂದ, ಮೇನ್ ಜೆಟ್‌ಗೆ ಇಲ್ಲಿ ಕೆಲಸವಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ, ಕಾರ್ಬ್ಯುರೇಟರ್ ತಳದ ಫ್ಲೋಟ್ ಬೌಲ್‌ನಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರನ್ನೂ ಹೀರಿಕೊಳ್ಳುತ್ತದೆ. ಜೆಟ್ ಬಿಚ್ಚಿ ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ, ಬೆಳಕಿಗೆ ಹಿಡಿದು ನೋಡಿ. ಚುಚ್ಚಲೇಬೇಕಾದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಪಿನ್ನು, ಸೂಜಿ ಹಾಕಿದರೆ ತೂತು ಹಿಗ್ಗಿ ಜೆಟ್ ಹಾಳಾಗುತ್ತದೆ. ಜೆಟ್ ಕೂರುವ ದಾರಿಗೂ, ಸ್ಲೈಡ್ (ಎಕ್ಸಲರೇಟರ್ ತಿರುಗಿಸಿದಂತೆ ಏರಿಳಿಯುವ ಭಾಗ) ಕೆಳಗಿನ ಪುಟ್ಟ ತೂತಿಗೂ ಗಾಳಿ ಹೊಡೆಯಿರಿ.

ಜೆಟ್ ಚೊಕ್ಕಟವಿದ್ದರೂ ಎಕ್ಸಲರೇಟರ್ ಬಿಟ್ಟ ಮೇಲೆ ಸದ್ದು ಏರಿದಲ್ಲೇ ನಿಂತು ನಿಧಾನಕ್ಕೆ ಇಳಿಯುತ್ತಿದೆಯೇ? ಎಲ್ಲೋ ಗಾಳಿ ನುಗ್ಗುತ್ತಿದೆ. ಕಾರ್ಬ್ಯುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಬಿರಿದಿರಬಹುದು, ಅಲ್ಲೇ ಇರುವ ರೀಡ್ ವಾಲ್ವ್ (ಒಳಬಂದ ಮಿಶ್ರಣ ಹಿಂದೆ ಹೋಗದಂತೆ ತಡೆಯುವ ಕವಾಟ) ಗ್ಯಾಸ್ಕೆಟ್ ಹೋಗಿರಬಹುದು. ಐಡ್ಲಿಂಗಿನಲ್ಲಿರುವಾಗ ಆ ಜೋಡಣೆಗಳ ಮೇಲೆ ಬ್ರಷ್‌ನಿಂದ ಸೋಪಿನ ನೀರು ಸವರಿ. ಸದ್ದು ಬದಲಾದ ಜಾಗವೇ ಲೀಕ್. ಅಲ್ಲೆಲ್ಲೂ ಸಿಗದಿದ್ದರೆ ಎಡಗಡೆ ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ನೋಡಬೇಕು. ಈ ಲೀಕ್ ಇಟ್ಟುಕೊಂಡು ಓಡಿಸಬೇಡಿ, ಟೂ ಸ್ಟ್ರೋಕ್ ಎಂಜಿನ್ ಕಾದು ಪಿಸ್ಟನ್ ಜಾಮ್ ಆಗುತ್ತದೆ. ಬಲಗಡೆ ಕ್ಲಚ್ ಬದಿಯ ಸೀಲ್ ಹೋದರೆ ಲಕ್ಷಣವೇ ಬೇರೆ: ದಟ್ಟ ಹೊಗೆ, ಒದ್ದೆ ಪ್ಲಗ್, ಕಮ್ಮಿಯಾಗುತ್ತಾ ಹೋಗುವ ಗೇರ್ ಆಯಿಲ್.

ಪೆಟ್ರೋಲ್ ಹೆಚ್ಚಾಗಿದ್ದರೆ ಚೋಕ್ ಪ್ಲಂಜರ್ ತುದಿಯ ರಬ್ಬರ್, ಫ್ಲೋಟ್ ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ), ಏರ್ ಫಿಲ್ಟರ್ ನೋಡಿ. ಓವರ್‌ಫ್ಲೋ ಪೈಪ್ ತೊಟ್ಟಿಕ್ಕುತ್ತಿದ್ದರೆ ನೀಡಲ್ ಸವೆದಿದೆ, ಇಲ್ಲವೇ ಕಸ ಕೂತಿದೆ.

ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿದಾಗ ಸದ್ದು ಏರಿದರೆ ಅದು ಎಕ್ಸಲರೇಟರ್ ಕೇಬಲ್ ಬಿಗಿ, ಅಷ್ಟೇ. ಆಯಿಲ್ ಪಂಪನ್ನೂ ಎಳೆಯುವುದು ಅದೇ ಕೇಬಲ್. ಕೇಬಲ್ ಸಡಿಲಿಸಿದರೆ ಆಯಿಲ್ ಪಂಪಿನ ಗುರುತೂ ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದನ್ನು ಮರೆಯಬೇಡಿ.

ಇಷ್ಟಾದ ಮೇಲೆ ಟ್ಯೂನಿಂಗ್. ಎಂಜಿನ್ ಆಫ್ ಮಾಡಿ ಏರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ (ಬಿಗಿದರೆ ತುದಿ ಹಾಳು), ಒಂದೂವರೆ ಸುತ್ತು ಬಿಚ್ಚಿ. ಬಿಸಿ ಎಂಜಿನ್ ಸ್ಟಾರ್ಟ್ ಮಾಡಿ ಕಾಲು ಕಾಲು ಸುತ್ತು ತಿರುಗಿಸುತ್ತಾ, ಸದ್ದು ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಇಳಿಸಿ. ಈ ಸ್ಕ್ರೂ ಗಾಳಿಯದು, ಮುಚ್ಚಿದಷ್ಟೂ ಪೆಟ್ರೋಲ್ ಪಾಲು ಹೆಚ್ಚು. ಹೆಚ್ಚುಕಮ್ಮಿ ಪೂರ್ತಿ ಮುಚ್ಚಿದಾಗ ಮಾತ್ರ ಎಂಜಿನ್ ಆಫ್ ಆಗದೆ ಓಡುವುದಾದರೆ ಜೆಟ್ ಇನ್ನೂ ಕಟ್ಟಿದೆ ಅಥವಾ ಗಾಳಿ ಲೀಕ್ ಉಳಿದಿದೆ. ಎರಡೂವರೆ ಸುತ್ತು ದಾಟಿ ಬಿಚ್ಚಿದರೂ ಗಾಳಿ ಸಾಲದಿದ್ದರೆ ಜೆಟ್ ಹಿಗ್ಗಿದೆ ಅಥವಾ ಚೋಕ್ ಸರಿಯಾಗಿ ಮುಚ್ಚುತ್ತಿಲ್ಲ.