ಒಂದೇ ದಂಡೆಯ ಎರಡು ಹೂ: ಮಲ್ಲಿಗೆಗೆ ಒಂದು ಆರೈಕೆ, ಕನಕಾಂಬರಕ್ಕೆ ಇನ್ನೊಂದು

ಮಾರುಕಟ್ಟೆಯಲ್ಲಿ ಮಲ್ಲಿಗೆಯೂ ಕನಕಾಂಬರವೂ ಒಂದೇ ನಾರಿನಲ್ಲಿ ಸೇರಿರುವುದನ್ನು ನೋಡಿ, ಮನೆಯಂಗಳದಲ್ಲೂ ಎರಡನ್ನು ಅಕ್ಕಪಕ್ಕ ನೆಡುವವರು ಬಹಳ ಮಂದಿ. ಒಂದೇ ಪಾತಿ, ಒಂದೇ ಲೆಕ್ಕದ ನೀರು, ಒಂದೇ ಗೊಬ್ಬರ. ವರ್ಷ ತಿರುಗುವಷ್ಟರಲ್ಲಿ ಮಲ್ಲಿಗೆ ಬರೀ ಸೊಪ್ಪಾಗಿ ಹಬ್ಬಿರುತ್ತದೆ, ಇಲ್ಲವೇ ಕನಕಾಂಬರ ಸೊರಗಿ ನಿಂತಿರುತ್ತದೆ. ಗಿಡದ ತಪ್ಪೇನೂ ಇಲ್ಲ. ಮಲ್ಲಿಗೆಗೆ ಉರಿಬಿಸಿಲು ಬೇಕು, ವರ್ಷಕ್ಕೊಮ್ಮೆ ಬಾಯಾರಿಕೆ ಬೇಕು, ಕತ್ತರಿಯ ಪೆಟ್ಟೂ ಬೇಕು. ಕನಕಾಂಬರಕ್ಕೆ ಇವು ಮೂರೂ ಆಗಿಬರುವುದಿಲ್ಲ. ವರ್ಷವಿಡೀ ಒಂದೇ ಹದದಲ್ಲಿ ನೋಡಿಕೊಂಡರೆ ಅದು ತೃಪ್ತ.

ಮಲ್ಲಿಗೆಯಲ್ಲಿ ಬಗೆಗಳು ಹಲವು. ಜಾಜಿ, ಸೂಜಿ ಮಲ್ಲಿಗೆ, ಕಾಕಡ ಎಲ್ಲವೂ ಅದೇ ಕುಲದವು. ಉಡುಪಿ, ಮೈಸೂರು ಮತ್ತು ಹಡಗಲಿಯ ಮಲ್ಲಿಗೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಲ್ಲಿ ಹೇಳುತ್ತಿರುವುದು ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ದುಂಡು ಮಲ್ಲಿಗೆಯ ವಿಚಾರ.

ಮೊದಲು ಜಾಗ

ಒಂದು ಇಡೀ ದಿನ ಅಂಗಳದಲ್ಲಿ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಗಮನಿಸಿ. ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ ಮಲ್ಲಿಗೆಗೆ ಕೊಡಿ. ತೆಂಗಿನ ಮರದ ಕೆಳಗೋ ಕಾಂಪೌಂಡ್ ಗೋಡೆಯ ನೆರಳಿನಲ್ಲೋ ನೆಟ್ಟ ಮಲ್ಲಿಗೆ ಬಳ್ಳಿಯಂತೆ ಉದ್ದಕ್ಕೆ ಚಾಚುತ್ತದೆಯೇ ಹೊರತು ಮೊಗ್ಗು ಬಿಡುವುದಿಲ್ಲ. ಆ ಜಾಗ ಕನಕಾಂಬರಕ್ಕೆ ಸರಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನಂತರ ಚದುರಿದ ನೆರಳು ಸಿಕ್ಕರೆ ಅದರ ಎಲೆಗಳು ಕಡುಹಸಿರಾಗಿ ಮಿನುಗುತ್ತವೆ.

ನೀರು ನಿಲ್ಲುವ ನೆಲ ಎರಡಕ್ಕೂ ಬೇಡ. ಕುಂಡವಾದರೆ ಮಲ್ಲಿಗೆಗೆ 14 ಇಂಚಿಗಿಂತ ಚಿಕ್ಕದು ಸಾಲದು. ಕನಕಾಂಬರಕ್ಕೆ 10 ಇಂಚಿನದು ಸಾಕು. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿ. ನೆಲದಲ್ಲಿ ನೆಡುವುದಾದರೆ ಮಲ್ಲಿಗೆಗೆ ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿ ತೋಡಿ, ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಡಿ. ಕನಕಾಂಬರಕ್ಕೆ ಒಂದು ಅಡಿ ಅಂತರ ಸಾಲುತ್ತದೆ.

ಸಸಿ ಮಾಡುವ ಬಗೆ

ಮಲ್ಲಿಗೆಗೆ ಹಣ ಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನೆರೆಮನೆಯ ಗಿಡದಿಂದ ಎರಡು ಮೂರು ಗಿಣ್ಣುಗಳಿರುವ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿ ತಂದು ಊರಿದರೆ ಬೇರು ಬಿಡುತ್ತದೆ. ನೆಲಕ್ಕೆ ತಾಗುವ ರೆಂಬೆಯೊಂದನ್ನು ಬಗ್ಗಿಸಿ, ಮೇಲೆ ಮಣ್ಣು ಹೇರಿ, ಕಲ್ಲಿಟ್ಟರೂ ಆಯಿತು.

ಕನಕಾಂಬರದ ಬೀಜದ ಸ್ವಭಾವ ಸೊಗಸಾದದ್ದು. ಒಣಗಿದ ತೆನೆಯಲ್ಲಿ ಕಾಯಿಗಳು ಸುಮ್ಮನೆ ಕಾದು ಕುಳಿತಿರುತ್ತವೆ. ಅವುಗಳ ಮೇಲೆ ನೀರಿನ ಹನಿ ಬಿದ್ದ ಸ್ವಲ್ಪ ಹೊತ್ತಿಗೆ ಚಟ್ಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತವೆ. ಮೊದಲ ಮಳೆಯ ಹೊತ್ತಿಗೇ ಬೀಜ ನೆಲ ಸೇರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು ಅದು. ಹಾಗಾಗಿ ಗಿಡಕ್ಕೆ ನೀರು ಹಾಕುವ ಮೊದಲೇ ಒಣ ತೆನೆ ಕತ್ತರಿಸಿ ಕಾಗದದ ಚೀಲದಲ್ಲಿಡಿ. ಹೊಸ ಬೀಜವನ್ನು ತಡಮಾಡದೆ ಬಿತ್ತಿ. ಸಸಿ ಐದಾರು ಜೊತೆ ಎಲೆ ಬಿಟ್ಟಾಗ ಕಿತ್ತು ನೆಡಿ. ಎರಡು ಮೂರು ತಿಂಗಳಲ್ಲಿ ಹೂ ಶುರುವಾಗುತ್ತದೆ. ನರ್ಸರಿಗಳಲ್ಲಿ ಸಿಗುವ ಡೆಲ್ಲಿ ಕನಕಾಂಬರ ಮಾತ್ರ ಬೀಜ ಕಟ್ಟುವುದಿಲ್ಲ. ಅದಕ್ಕೆ ಕಡ್ಡಿಯೇ ಗತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕದಂಥ ತಳಿಗಳನ್ನು ಬಿಡುಗಡೆ ಮಾಡಿದೆ. ಸಿಕ್ಕರೆ ಅವನ್ನೇ ತನ್ನಿ.

ಮಲ್ಲಿಗೆಯನ್ನು ಸವರುವುದು

ಹೆಚ್ಚಿನವರ ಕೈ ಹಿಂಜರಿಯುವುದು ಇಲ್ಲಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ರೆಂಬೆಗಳನ್ನು ಉಳಿಸಿಕೊಂಡಷ್ಟೂ ಹೊಸ ಚಿಗುರು ಕಡಿಮೆ, ಹೂವೂ ಕಡಿಮೆ. ನವೆಂಬರ್ ಕೊನೆಯಿಂದ ಜನವರಿಯೊಳಗೆ ಈ ಕೆಲಸ ಮುಗಿಯಬೇಕು. ಅದಕ್ಕೆ ಒಂದೆರಡು ವಾರ ಮೊದಲೇ ನೀರು ನಿಲ್ಲಿಸಿ. ಎಲೆ ಸ್ವಲ್ಪ ಬಾಡಿದರೆ ಗಾಬರಿ ಬೇಡ. ನಂತರ ಹರಿತವಾದ ಕತ್ತರಿಯಿಂದ ಇಡೀ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಒಣಗಿದ್ದು, ರೋಗ ಬಿದ್ದದ್ದು, ಒಳಮುಖವಾಗಿ ಹೆಣೆದುಕೊಂಡದ್ದನ್ನು ಬುಡಕ್ಕೇ ತೆಗೆಯಿರಿ. ಉಳಿದ ಎಲೆಗಳನ್ನೂ ಕೈಯಿಂದ ಸವರಿಬಿಡಿ. ಗಿಡ ಬೋಳಾಗಿ ಕಾಣುತ್ತದೆ, ಕಾಣಲಿ.

ಆಮೇಲೆ ಬುಡದ ಮಣ್ಣು ಸಡಿಲಿಸಿ, ಗೊಬ್ಬರ ಕೊಟ್ಟು, ಧಾರಾಳವಾಗಿ ನೀರು ಹಾಯಿಸಿ. ಗಿಣ್ಣುಗಳಲ್ಲಿ ಕೆಲವೇ ದಿನಗಳಲ್ಲಿ ಚಿಗುರು ಇಣುಕುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೂ ಮೊಗ್ಗಿನ ಸುಗ್ಗಿ.

ಇದೇ ಪ್ರಯೋಗವನ್ನು ಕನಕಾಂಬರದ ಮೇಲೆ ಮಾಡಬೇಡಿ. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಅರಳುತ್ತಾ ಹೋಗುತ್ತದೆ. ತುದಿಯ ಹೂವೂ ಮುಗಿದ ತೆನೆಯನ್ನು ಅದರ ತೊಟ್ಟಿನ ಬುಡದಲ್ಲಿ ಚಿವುಟಿದರೆ ಪಕ್ಕದಿಂದ ಟಿಸಿಲೊಡೆದು ಹೊಸ ತೆನೆ ಬರುತ್ತದೆ. ಅದಕ್ಕೆ ಬೇಕಾದ ಕತ್ತರಿ ಕೆಲಸ ಇಷ್ಟೇ. ಬೀಜಕ್ಕೆಂದು ಬೇಕಾದರೆ ನಾಲ್ಕಾರು ತೆನೆಗಳನ್ನು ಹಾಗೆಯೇ ಬಿಡಿ.

ನೀರು, ಗೊಬ್ಬರ, ರೋಗ

ಹೂ ಬಿಡುವ ಕಾಲದಲ್ಲಿ ಮಲ್ಲಿಗೆಗೆ ಚೆನ್ನಾಗಿ ನೀರುಣಿಸಿ, ಮೇಲ್ಮಣ್ಣು ಒಣಗಿದ ಮೇಲೆ ಮತ್ತೆ ಹಾಕಿ. ಕನಕಾಂಬರದ ಮಣ್ಣು ಪೂರ್ತಿ ಒಣಗಲೂಬಾರದು, ಕೆಸರಾಗಲೂಬಾರದು. ಬುಡಕ್ಕೆ ತರಗೆಲೆ ಹೊದಿಸಿದರೆ ಅರ್ಧ ಕೆಲಸ ತಪ್ಪಿತು. ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿಯನ್ನು ಕೆಲವು ದಿನ ನೆನೆಸಿ, ಹುಳಿಬಂದ ತಿಳಿಯನ್ನು ನೀರು ಬೆರೆಸಿ ತೆಳುಮಾಡಿ ಹಾಕುವುದು ಮಲ್ಲಿಗೆ ಬೆಳೆಗಾರರು ಕಂಡುಕೊಂಡ ಹಳೆಯ ದಾರಿ. ಕನಕಾಂಬರಕ್ಕೆ ಎರೆಗೊಬ್ಬರವೇ ಸಾಕು.

ಮಲ್ಲಿಗೆ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಎಂದರ್ಥ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಿಂಪಡಿಸಿ. ಮೊಗ್ಗಿನಲ್ಲಿ ಸಣ್ಣ ತೂತು ಕಂಡರೆ ಒಳಗೆ ಹುಳುವಿದೆ. ಅಂಥ ಮೊಗ್ಗುಗಳನ್ನು ಆರಿಸಿ ನಾಶಮಾಡಿ, ಬೇವಿನೆಣ್ಣೆ ಸಿಂಪಡಿಸಿ.

ಕನಕಾಂಬರದ ಶತ್ರು ಕಣ್ಣಿಗೆ ಬೀಳುವುದಿಲ್ಲ. ನೀರಿದ್ದರೂ ಗಿಡ ಬಾಡುತ್ತಾ ಎಲೆ ಮಂಕಾದರೆ ಬೇರಿಗೆ ಜಂತುಹುಳು ಅಥವಾ ಸೊರಗು ರೋಗ ತಗುಲಿರಬಹುದು. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ದೂರ ಸಾಗಿಸಿ, ಅದೇ ಗುಂಡಿಯಲ್ಲಿ ಮತ್ತೆ ಕನಕಾಂಬರ ಇಡಬೇಡಿ. ಒಂದು ಬೆಳೆ ಚೆಂಡು ಹೂ ಹಾಕಿ. ಅದರ ಬೇರಿಗೆ ಜಂತುಹುಳುಗಳನ್ನು ತಗ್ಗಿಸುವ ಗುಣವಿದೆ. ನೆಡುವಾಗಲೇ ಗುಂಡಿಗೊಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಇನ್ನೂ ಒಳ್ಳೆಯದು.

ಕೊಯ್ಯುವ ಹೊತ್ತು

ಎರಡನ್ನೂ ಬೆಳಗಿನ ತಂಪಿನಲ್ಲೇ ಕೊಯ್ಯಿರಿ. ಮಲ್ಲಿಗೆಯಲ್ಲಿ ಹುಡುಕಬೇಕಾದ್ದು ಹಸಿರು ಛಾಯೆ ಕಳೆದು ಬೆಳ್ಳಗೆ ಉಬ್ಬಿದ, ಇನ್ನೂ ಬಿರಿಯದ ಮೊಗ್ಗು. ಬೆಳಿಗ್ಗೆ ಕಟ್ಟಿದರೆ ಸಂಜೆಗೆ ಅರಳಿ ಪರಿಮಳ ಬಿಡುತ್ತದೆ. ಕನಕಾಂಬರಕ್ಕೆ ಪರಿಮಳವಿಲ್ಲ, ಬಣ್ಣವೇ ಅದರ ಬಂಡವಾಳ. ಪೂರ್ತಿ ಅರಳಿದ ಹೂವನ್ನೇ ಬಿಡಿಸಬೇಕು. ಗಿಡದಲ್ಲೇ ಒಂದೆರಡು ದಿನ ಬಾಡದೆ ಉಳಿಯುವುದರಿಂದ ದಿನ ಬಿಟ್ಟು ದಿನ ಕೊಯ್ದರೂ ನಷ್ಟವಿಲ್ಲ. ಕಿತ್ತ ಮೇಲೆ ಮಾತ್ರ ಬೇಗ ಮುದುಡುತ್ತದೆ. ಮಲ್ಲಿಗೆ ಮೊಗ್ಗನ್ನು ಬಾಳೆ ಎಲೆಯಲ್ಲಿ ಸುತ್ತಿಟ್ಟು, ನಾರು ನೆನೆಸಿಕೊಂಡು, ಎಲ್ಲ ಸಿದ್ಧವಾದ ಮೇಲೆ ಕನಕಾಂಬರಕ್ಕೆ ಕೈ ಹಾಕಿ.